ಎದೆಯೊಳಗಿನ ಕುರು

ಕೈಗೋ ಕಾಲಿಗೋ ಕುರುವೆದ್ದರೆ ಅದನ್ನು ಗುರುತಿಸುವುದಕ್ಕೆ ಯಾರಿಗೂ ವೈದ್ಯಶಾಸ್ತ್ರ ಬೇಕಾಗುವುದಿಲ್ಲ. ಜಾಗ ಕೆಂಪೇರುತ್ತದೆ, ಬಾತುಕೊಳ್ಳುತ್ತದೆ, ಸಿಡಿಯುತ್ತದೆ. ಕೆಲವು ದಿನಗಳಲ್ಲಿ ಬಾಯಿಬಿಟ್ಟು ಕೀವು ಹೊರಬೀಳುತ್ತದೆ. ರೋಗಿ ನೆಮ್ಮದಿಯಿಂದ ನಿದ್ರೆಮಾಡುತ್ತಾನೆ. ಅಂಥದೇ ಕುರು ಶ್ವಾಸಕೋಶದಲ್ಲಿ ಎದ್ದಾಗ ಮಾತ್ರ ಅದು ಕಣ್ಣಿಗೆ ಕಾಣದು, ಬೆರಳಿಗೆ ಸಿಗದು. ಜ್ವರ, ಕೆಮ್ಮು, ಕಫ ಎಂಬ ಮೂರು ಹಳೆಯ ವೇಷಗಳಲ್ಲಿಯೇ ಅದು ಬರುತ್ತದೆ. ಇದೇ ವೇಷ ತೊಡುವ ಬೇರೆ ರೋಗಗಳೂ ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಆದುದರಿಂದ ಈ ವ್ಯಾಧಿ ಅನೇಕ ವೇಳೆ ತಡವಾಗಿ ಪತ್ತೆಯಾಗುತ್ತದೆ. ಪತ್ತೆಯಾದ ಮೇಲೂ, ಜ್ವರ ಇಳಿಯಿತೆಂಬ ಸಂತೋಷದಲ್ಲಿ ಚಿಕಿತ್ಸೆ ಅರ್ಧಕ್ಕೇ ನಿಂತುಹೋಗುವುದುಂಟು. ತಡವಾದ ಪತ್ತೆ, ಅರ್ಧವಾದ ಚಿಕಿತ್ಸೆ, ಈ ಎರಡೇ ಈ ರೋಗದಲ್ಲಿ ಪ್ರಾಣಕ್ಕೆ ಎರವಾಗತಕ್ಕ ಸಂಗತಿಗಳು.

ಈ ವಾರ ಈ ವಿಷಯವನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿವರಿಸುತ್ತೇನೆ. ಅಲ್ಲಿಯ ಮಳೆ, ಅಲ್ಲಿಯ ಕವಳ, ಅಲ್ಲಿಯ ದೂರ, ಇವೆಲ್ಲಕ್ಕೂ ಈ ರೋಗದ ಕಥೆಯಲ್ಲಿ ಪಾತ್ರವುಂಟು. ಅಲ್ಲದೆ ಬೆಂಗಳೂರು ಮೈಸೂರುಗಳಲ್ಲಿ ನೆಲೆಸಿರುವ ಎಷ್ಟೋ ಕುಟುಂಬಗಳ ಹಿರಿಯರು ಇಂದಿಗೂ ಆ ತಾಲ್ಲೂಕುಗಳ ಮನೆ ತೋಟಗಳಲ್ಲಿಯೇ ಇದ್ದಾರೆ. ದೂರವಾಣಿಯಲ್ಲಿ ತಂದೆಯವರು, ‘ಏನಿಲ್ಲ ಕಣೋ, ಥಂಡಿಗೆ ಸ್ವಲ್ಪ ಕೆಮ್ಮು ಅಷ್ಟೆ’ ಎಂದಾಗ ಮುಂದಿನ ಪ್ರಶ್ನೆ ಏನು ಕೇಳಬೇಕೆಂಬುದು ಮಕ್ಕಳಿಗೆ ತಿಳಿದಿರಬೇಕು. ‘ಅಪ್ಪಯ್ಯ, ಜ್ವರ ಎಷ್ಟು ದಿನದಿಂದ? ಕಫ ಎಷ್ಟು ಹೋಗುತ್ತದೆ? ಅದಕ್ಕೆ ನಾತ ಉಂಟೆ?’ ಈ ಮೂರು ಪ್ರಶ್ನೆಗಳ ಹಿಂದಿನ ಅರ್ಥವೇ ಈ ಲೇಖನ.

ಕುರು ಆಗುವುದು ಹೇಗೆ?

ಶ್ವಾಸನಾಳವನ್ನು ತಲೆಕೆಳಗಾದ ಮರಕ್ಕೆ ಹೋಲಿಸುವುದು ವಾಡಿಕೆ. ಕಾಂಡವು ಗಂಟಲಿನಿಂದ ಇಳಿದು ಎದೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಬಲಗಡೆಯ ಕವಲು ಎಡಗಡೆಯದಕ್ಕಿಂತ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ ಇಳಿಯುವಂಥದು. ಬಾಯಿಂದ ತಪ್ಪಿ ಉಸಿರಿನ ದಾರಿ ಹಿಡಿದ ವಸ್ತು, ಎಂಜಲಾಗಲಿ ಅನ್ನದ ಅಗುಳಾಗಲಿ ಅಡಿಕೆಯ ಚೂರಾಗಲಿ, ಹೆಚ್ಚಾಗಿ ಬಲಗಡೆಗೇ ಜಾರುವುದಕ್ಕೆ ಇದೇ ಕಾರಣ. ಅಂಗಾತ ಮಲಗಿದ ಮನುಷ್ಯನಲ್ಲಿ ಅದು ಶ್ವಾಸಕೋಶದ ಬೆನ್ನ ಕಡೆಯ ಭಾಗಗಳಲ್ಲಿ ಹೋಗಿ ತಂಗುತ್ತದೆ.

ಆರೋಗ್ಯವಂತರಲ್ಲಿಯೂ ನಿದ್ರೆಯಲ್ಲಿ ಅಷ್ಟಿಷ್ಟು ಎಂಜಲು ಹೀಗೆ ಇಳಿಯುವುದುಂಟು. ಆದರೆ ಕೆಮ್ಮು ಎಂಬ ಕಾವಲುಗಾರನಿದ್ದಾನೆ. ನಾಳಗಳ ಒಳಗೋಡೆಯ ಸೂಕ್ಷ್ಮವಾದ ರೋಮಗಳು ಕಸವನ್ನು ಮೇಲಕ್ಕೆ ಗುಡಿಸುತ್ತಿರುತ್ತವೆ. ರಕ್ತದ ಬಿಳಿಕಣಗಳು ಉಳಿದುದನ್ನು ನೋಡಿಕೊಳ್ಳುತ್ತವೆ. ಕಾವಲುಗಾರ ಮಲಗಿದಾಗಲೇ ಅಪಾಯ. ಹೆಂಡ ಕುಡಿದು ಮೈಮರೆತವನು, ಮೂರ್ಛೆರೋಗದಿಂದ ಬಿದ್ದವನು, ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಂದಿದ ವೃದ್ಧರು, ನಿದ್ರೆಯ ಗುಳಿಗೆಗಳನ್ನು ಅತಿಯಾಗಿ ಸೇವಿಸುವವರು, ಇವರಲ್ಲಿ ಬಾಯಿಯ ರೋಗಾಣುಗಳು ಯಾರ ತಡೆಯೂ ಇಲ್ಲದೆ ಕೆಳಗಿಳಿಯುತ್ತವೆ.

ಇಳಿದ ಜಾಗದಲ್ಲಿ ಮೊದಲು ಉರಿಯೂತವಾಗುತ್ತದೆ. ಅನಂತರ ಸುಮಾರು ಒಂದೆರಡು ವಾರಗಳಲ್ಲಿ ನಡುವಿನ ಭಾಗ ಸತ್ತು, ಕರಗಿ ಕೀವಾಗುತ್ತದೆ. ಸುತ್ತಲೂ ದೇಹವು ಒಂದು ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆಯೊಳಗಿನ ಕೀವಿನ ಗೂಡೇ ಶ್ವಾಸಕೋಶದ ಕುರು. ಅದು ಯಾವುದಾದರೊಂದು ಶ್ವಾಸನಾಳಕ್ಕೆ ಒಡೆದುಕೊಂಡಾಗ ಕೀವು ಕಫದೊಂದಿಗೆ ಹೊರಬೀಳುತ್ತದೆ, ಖಾಲಿಯಾದ ಜಾಗವನ್ನು ಗಾಳಿ ತುಂಬುತ್ತದೆ.

ಎಲ್ಲ ಕುರುಗಳೂ ಬಾಯಿಂದಲೇ ಬರುವುವೆಂದಲ್ಲ. ಸಿಹಿಮೂತ್ರ ರೋಗಿಗಳಲ್ಲಿ ಕೆಲವು ಉಗ್ರವಾದ ರೋಗಾಣುಗಳು ನ್ಯೂಮೋನಿಯ ತಂದು ಅದನ್ನೇ ಕುರುವಾಗಿ ಮಾರ್ಪಡಿಸಬಲ್ಲವು. ಇನ್‌ಫ್ಲುಯೆಂಜಾ ಬಂದು ಹೋದ ಮೇಲೆಯೂ ಹೀಗಾಗುವುದುಂಟು. ಆಮಶಂಕೆಯ ಅಮೀಬದಿಂದ ಯಕೃತ್ತಿನಲ್ಲಿ ಆದ ಕುರು ವಪೆಯನ್ನು ಭೇದಿಸಿ ಬಲ ಶ್ವಾಸಕೋಶಕ್ಕೆ ಒಡೆದುಕೊಂಡರೆ ಕಫವು ಚಾಕೊಲೇಟಿನ ಬಣ್ಣದ್ದಾಗಿ ಬರುತ್ತದೆ. ಧೂಮಪಾನಿಗಳಲ್ಲಿ ಶ್ವಾಸನಾಳವನ್ನು ಅಡ್ಡಗಟ್ಟಿದ ಗಂತಿಯ ಹಿಂದೆಯೂ ಕೀವು ಕಟ್ಟಬಹುದು. ರೋಗ ಒಂದೇ ಆದರೂ ಮೂಲ ಹಲವು. ಮೂಲ ತಿಳಿಯದೆ ಕೊಟ್ಟ ಔಷಧ ಕತ್ತಲಲ್ಲಿ ಎಸೆದ ಕಲ್ಲು.

ಹಲ್ಲಿಗೂ ಎದೆಗೂ ನಂಟು

೧೯೨೦ರ ದಶಕದಲ್ಲಿ ಡೇವಿಡ್ ಸ್ಮಿತ್ ಎಂಬ ಅಮೆರಿಕದ ವೈದ್ಯರು, ಈ ರೋಗದಿಂದ ಸತ್ತವರ ಶ್ವಾಸಕೋಶದ ಕುರುವಿನ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅಲ್ಲಿ ಕಂಡ ರೋಗಾಣುಗಳು ಹಲ್ಲಿನ ವಸಡಿನ ಸಂದುಗಳಲ್ಲಿ ವಾಸಿಸುವ ರೋಗಾಣುಗಳನ್ನೇ ಹೋಲುತ್ತಿದ್ದುವು. ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಜಾತಿ ಅವು. ಕಫಕ್ಕೆ ಅಸಹ್ಯವಾದ ದುರ್ವಾಸನೆ ಬರುವುದು ಅವುಗಳಿಂದಲೇ. ಅಂದಿನಿಂದ ವೈದ್ಯರಲ್ಲಿ ಒಂದು ಮಾತು ಬಳಕೆಯಲ್ಲಿದೆ: ಬಾಯಲ್ಲಿ ಒಂದು ಹಲ್ಲೂ ಇಲ್ಲದ ಮುದುಕನಿಗೆ ಶ್ವಾಸಕೋಶದಲ್ಲಿ ಕುರುವಾಗುವುದು ಅಪರೂಪ, ಆದರೆ ಗಂತಿಯನ್ನು ಶಂಕಿಸು. ಹಲ್ಲಿಲ್ಲದವನಿಗೆ ವಸಡಿನ ಸಂದುಗಳೂ ಇರುವುದಿಲ್ಲವಷ್ಟೆ.

ಮಲೆನಾಡಿನ ಮನೆಗಳಲ್ಲಿ ಕವಳವಿಲ್ಲದೆ ಆದರಾತಿಥ್ಯವಿಲ್ಲ. ಬಂದವರ ಮುಂದೆ ಕವಳದ ತಟ್ಟೆ ಇಡುವುದು ಸಂಸ್ಕಾರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಿನವಿಡೀ ಅಡಿಕೆ ಹೊಗೆಸೊಪ್ಪುಗಳನ್ನು ದವಡೆಯಲ್ಲಿಟ್ಟವರ ವಸಡು ಕೆಡುತ್ತದೆ, ಬಾಯಿಯ ಕ್ಯಾನ್ಸರಿಗೂ ಅದು ದಾರಿ. ಇದಕ್ಕಿಂತ ಕೆಟ್ಟ ಅಭ್ಯಾಸ ಕವಳವನ್ನು ಕೆನ್ನೆಯಲ್ಲಿಟ್ಟುಕೊಂಡೇ ನಿದ್ರೆಹೋಗುವುದು. ಗಟ್ಟಿಯಾದ ಅಡಿಕೆಯ ಚೂರು ನಿದ್ರೆಯಲ್ಲಿ ಶ್ವಾಸನಾಳಕ್ಕೆ ಇಳಿದರೆ ಅದು ಕರಗುವ ವಸ್ತುವಲ್ಲ. ನಾಳದ ಕವಲೊಂದಕ್ಕೆ ಬಿರಡೆಯಂತೆ ಕೂತುಬಿಟ್ಟರೆ ಅದರ ಹಿಂದಿನ ಭಾಗದಲ್ಲಿ ಕಫ ನಿಂತು ಕೊಳೆಯುತ್ತದೆ. ಮಕ್ಕಳಲ್ಲಿ ನೆಲಗಡಲೆಯ ಬೀಜ ಇದೇ ಕೆಲಸವನ್ನು ಮಾಡುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯೂಮೋನಿಯವಾಗುತ್ತಿದ್ದರೆ, ಅಲ್ಲಿ ಇಂಥ ಬಿರಡೆಯೊಂದು ಇದೆಯೇ ಎಂದು ದುರ್ಬೀನು ಇಳಿಸಿ ನೋಡಬೇಕು.

ಲಕ್ಷಣಗಳು

ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ. ಹೊಸನಗರದ ಕಡೆಯವರು, ವಯಸ್ಸು ಐವತ್ತೈದು, ಸಿಹಿಮೂತ್ರವಿದೆ, ವಸಡಿನಲ್ಲಿ ಕೀವಿದೆ, ಕವಳವಿದೆ. ಸಂಜೆಯ ಹೊತ್ತು ಜ್ವರ, ರಾತ್ರಿ ಬೆವರಿ ಹಾಸಿಗೆ ತೊಯ್ಯುತ್ತದೆ, ಊಟ ರುಚಿಸದು, ತೂಕ ಇಳಿಯುತ್ತಿದೆ. ಎರಡನೆಯ ವಾರ ಒಂದು ಬೆಳಗ್ಗೆ ಕೆಮ್ಮಿದಾಗ ಇದ್ದಕ್ಕಿದ್ದಂತೆ ಲೋಟದಷ್ಟು ಹಳದಿ ಹಸಿರು ಕಫ, ಅದರಲ್ಲಿ ನೆತ್ತರಿನ ಎಳೆ. ಕೋಣೆಯೆಲ್ಲ ನಾತ. ಒಂದು ಮಗ್ಗುಲಿಗೆ ಮಲಗಿದರೆ ಕೆಮ್ಮು ಹೆಚ್ಚು, ಇನ್ನೊಂದು ಮಗ್ಗುಲಿಗೆ ಕಡಿಮೆ. ಆಳವಾಗಿ ಉಸಿರೆಳೆದರೆ ಎದೆಯಲ್ಲಿ ಚುಚ್ಚಿದಂತೆ ನೋವು. ರೋಗ ಹಳತಾದರೆ ಬೆರಳಿನ ತುದಿಗಳು ದಪ್ಪನಾಗಿ ಉಗುರು ಗಿಳಿಯ ಕೊಕ್ಕಿನಂತೆ ಬಾಗುವುದೂ ಉಂಟು.

ಇಲ್ಲಿ ಒಂದು ಮಾತು ಹೇಳಬೇಕು. ಈ ನಾತವೇ ರೋಗಿಯ ಬಾಯಿ ಕಟ್ಟಿಬಿಡುತ್ತದೆ. ಮರ್ಯಾದಸ್ಥರು ನಾಲ್ಕು ಜನರ ನಡುವೆ ಕೂತುಕೊಳ್ಳಲು ಅಳುಕಿ ಒಳಕೋಣೆ ಸೇರುತ್ತಾರೆ. ಡಾಕ್ಟರ ಮುಂದೆಯೂ ಕಫದ ಮಾತನ್ನು ಎತ್ತುವುದಿಲ್ಲ. ಆದರೆ ಡಾಕ್ಟರಿಗೆ ಆ ನಾತ ಅಸಹ್ಯವಲ್ಲ, ಸಾಕ್ಷ್ಯ. ಎಷ್ಟು ಕಫ, ಯಾವ ಬಣ್ಣ, ಯಾವ ವಾಸನೆ ಎಂಬುದನ್ನು ಸಂಕೋಚವಿಲ್ಲದೆ ಹೇಳತಕ್ಕದ್ದು. ವಾಸನೆಯಿಲ್ಲದ ಮಾತ್ರಕ್ಕೆ ಕುರುವಿಲ್ಲವೆಂದು ತಿಳಿಯಕೂಡದು. ಕೆಲವು ಜಾತಿಯ ರೋಗಾಣುಗಳಿಂದಾದ ಕೀವಿಗೆ ನಾತವಿರುವುದಿಲ್ಲ.

ಪತ್ತೆಯ ಬಗೆ

ಎದೆಯನ್ನು ಬೆರಳಿನಿಂದ ತಟ್ಟಿ ನೋಡುವ ಪರೀಕ್ಷೆಯನ್ನು ೧೭೬೧ರಲ್ಲಿ ಪ್ರಕಟಿಸಿದವನು ಆಸ್ಟ್ರಿಯದ ಆವೆನ್‌ಬ್ರುಗ್ಗರ್. ಆತ ಛತ್ರ ನಡೆಸುವವನ ಮಗ. ಪೀಪಾಯಿಯನ್ನು ತಟ್ಟಿ ಒಳಗಿನ ಮದ್ಯದ ಮಟ್ಟ ಅರಿಯುವುದನ್ನು ಬಾಲ್ಯದಲ್ಲಿ ನೋಡಿದ್ದನೆಂದು ಹೇಳುತ್ತಾರೆ. ಹಲಸಿನ ಹಣ್ಣನ್ನು ತಟ್ಟಿ ಹದ ತಿಳಿಯುವ ನಮ್ಮವರಿಗೆ ಇದು ವಿಚಿತ್ರವಾಗಿ ತೋರದು. ೧೮೧೬ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತೊಸ್ಕೋಪನ್ನು ಕಂಡುಹಿಡಿದನು. ಇವೆರಡೂ ಇಂದಿಗೂ ಉಪಯುಕ್ತವೇ. ಆದರೆ ಕುರುವನ್ನು ಕಣ್ಣಿಗೆ ತೋರಿಸಿಕೊಟ್ಟದ್ದು ೧೮೯೫ರಲ್ಲಿ ರಾಂಟ್‌ಗೆನ್ ಕಂಡುಹಿಡಿದ ಕ್ಷ-ಕಿರಣ.

ನಿಂತ ರೋಗಿಯ ಎದೆಯ ಕ್ಷ-ಕಿರಣ ಚಿತ್ರದಲ್ಲಿ ಕುರು ಒಂದು ದುಂಡಾದ ಗೂಡಿನಂತೆ ಕಾಣುತ್ತದೆ. ಕೆಳಗೆ ಕೀವು, ಮೇಲೆ ಗಾಳಿ, ಎರಡರ ನಡುವೆ ಅಳತೆಗೋಲಿನಿಂದ ಎಳೆದಂತೆ ಒಂದು ಸಮರೇಖೆ. ಅರ್ಧ ತುಂಬಿದ ಹೂಜಿಯನ್ನು ಹೇಗೆ ವಾಲಿಸಿದರೂ ನೀರಿನ ಮೇಲ್ಮೈ ಮಟ್ಟಸವಾಗಿಯೇ ನಿಲ್ಲುವಂತೆ ಅದು. ಮಲಗಿಸಿ ತೆಗೆದ ಚಿತ್ರದಲ್ಲಿ ಈ ರೇಖೆ ಕಾಣದೆ ಹೋಗಬಹುದು. ಸಂದೇಹ ಉಳಿದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಕುರು ಶ್ವಾಸಕೋಶದ ಒಳಗಿದೆಯೇ ಅಥವಾ ಕೀವು ಹೊರಗಿನ ಹೊದಿಕೆಯಲ್ಲಿ ನಿಂತಿದೆಯೇ, ಹಿಂದೆ ಗಂತಿಯೇನಾದರೂ ಇದೆಯೇ ಎಂಬುದನ್ನು ಅದು ಬಿಡಿಸಿ ತೋರಿಸುತ್ತದೆ.

ಇದರ ಜೊತೆಗೆ ಕಫದ ಪರೀಕ್ಷೆ, ರಕ್ತದ ಪರೀಕ್ಷೆ, ರಕ್ತದ ಸಕ್ಕರೆಯ ಅಳತೆ ಆಗಲೇಬೇಕು. ಕಫವನ್ನೂ ರಕ್ತವನ್ನೂ ಪ್ರಯೋಗಾಲಯದಲ್ಲಿ ಬೆಳೆಸಿ, ಯಾವ ರೋಗಾಣು, ಅದಕ್ಕೆ ಯಾವ ಮದ್ದು ಹತ್ತುತ್ತದೆ ಎಂದು ನೋಡುತ್ತಾರೆ. ಈ ಪರೀಕ್ಷೆಗೆ ಕಫ ಕೊಡುವುದಕ್ಕೆ ಮುಂಚೆಯೇ ಅಂಗಡಿಯಿಂದ ತಂದ ಗುಳಿಗೆ ನಾಲ್ಕನ್ನು ನುಂಗಿದ್ದರೆ ರೋಗಾಣು ಸಾಯುವುದೂ ಇಲ್ಲ, ಸಿಕ್ಕುವುದೂ ಇಲ್ಲ.

ಕ್ಷಯವೇ, ಅಲ್ಲವೇ?

ಜ್ವರ, ಬೆವರು, ತೂಕದ ಇಳಿತ, ನೆತ್ತರು ಬೆರೆತ ಕಫ, ಎದೆಯ ಚಿತ್ರದಲ್ಲಿ ಗೂಡು: ಇಷ್ಟನ್ನು ಕೇಳಿದೊಡನೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಕ್ಷಯ. ಶಂಕೆ ತಪ್ಪಲ್ಲ, ನಮ್ಮ ದೇಶದಲ್ಲಿ ಕ್ಷಯವನ್ನು ಮೊದಲು ಶಂಕಿಸುವುದೇ ಸರಿ. ಶಂಕೆಯನ್ನೇ ನಿರ್ಣಯವೆಂದು ತಿಳಿಯುವುದು ತಪ್ಪು. ಕ್ಷಯದ ಕಫಕ್ಕೆ ಸಾಮಾನ್ಯವಾಗಿ ಕೊಳೆತ ನಾತ ಇರುವುದಿಲ್ಲ. ಅದರ ಗೂಡಿನಲ್ಲಿ ಕೀವಿನ ಸಮರೇಖೆ ಕಾಣುವುದೂ ಕಡಿಮೆ. ಆದರೆ ಈ ಭೇದಗಳನ್ನು ನೆಚ್ಚಿ ತೀರ್ಮಾನಿಸಲಾಗದು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯಕ್ಕಾಗಿ ಕಫದ ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತಾರೆ. ಸೂಕ್ಷ್ಮದರ್ಶಕದ ಹಳೆಯ ಪರೀಕ್ಷೆಯಲ್ಲದೆ, ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುವ ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರವೂ ಇದೆ. ಕುರುವನ್ನು ಕ್ಷಯವೆಂದು ಬಗೆದು ಆರು ತಿಂಗಳು ಮದ್ದು ನುಂಗಿದರೆ ಕೀವು ಅಲ್ಲಿಯೇ ಇರುತ್ತದೆ. ಕ್ಷಯವನ್ನು ಕುರುವೆಂದು ಬಗೆದರೆ ಮನೆಮಂದಿಗೆಲ್ಲ ಅದು ಹರಡುತ್ತಿರುತ್ತದೆ. ಕೆಲವು ಜಾತಿಯ ಪ್ರತಿಜೀವಕಗಳಂತೂ ಕ್ಷಯವನ್ನು ಸ್ವಲ್ಪ ಕಾಲ ಅಡಗಿಸಿಟ್ಟು, ಗುಣವಾಯಿತೆಂಬ ಭ್ರಮೆ ಹುಟ್ಟಿಸುತ್ತವೆ.

ಮಲೆನಾಡಿನಲ್ಲಿ ಜ್ವರವೆಂದರೆ ಮನಸ್ಸು ಬೇರೆ ಕಡೆಗೆ ಓಡುವುದೂ ಸಹಜ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು ಮಂಗನ ಕಾಯಿಲೆಯ ಪರಿಚಯ ಲೋಕಕ್ಕಾಯಿತು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಅದು ಎಷ್ಟು ಮನೆಗಳಲ್ಲಿ ದುಃಖ ತಂದಿತೆಂಬುದನ್ನು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಇಲಿಜ್ವರದ ಭಯ ಬೇರೆ. ಆದರೆ ಇವು ಥಟ್ಟನೆ ಬಂದು ಬೀಳುವ ಜ್ವರಗಳು. ಎರಡು ಮೂರು ವಾರಗಳಿಂದ ಹೊಗೆಯಾಡುತ್ತಿರುವ ಜ್ವರಕ್ಕೆ ಕಫದ ಜೊತೆ ಸೇರಿದ್ದರೆ ಎದೆಯ ಚಿತ್ರ ತೆಗೆಸದೆ ದಿನ ದೂಡುವುದು ಸಲ್ಲದು.

ಮಳೆಯ ಮಣ್ಣಿನಲ್ಲಿ ಅಡಗಿದ ವೈರಿ

ಕರಾವಳಿ ಮಲೆನಾಡುಗಳವರು ತಿಳಿದಿರಬೇಕಾದ ಇನ್ನೊಂದು ಹೆಸರು ಮೆಲಿಯಾಯ್ಡೋಸಿಸ್. ೧೯೧೧ರಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ಆಲ್‌ಫ್ರೆಡ್ ವಿಟ್ಮೋರ್ ಎಂಬ ವೈದ್ಯರೂ ಅವರ ಸಹಾಯಕರಾದ ಕೃಷ್ಣಸ್ವಾಮಿಯವರೂ ಇದನ್ನು ಮೊಟ್ಟಮೊದಲು ಗುರುತಿಸಿ, ಮರುವರ್ಷ ಪ್ರಕಟಪಡಿಸಿದರು. ಇದರ ರೋಗಾಣು ಒದ್ದೆಯಾದ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾಸಿಸುತ್ತದೆ. ಬರಿಗಾಲಿನ ಗಾಯದ ಮೂಲಕ, ಅಥವಾ ಗಾಳಿಮಳೆಯಲ್ಲಿ ಎದ್ದ ಹನಿಗಳ ಮೂಲಕ ದೇಹವನ್ನು ಹೊಗುತ್ತದೆ. ಸಿಹಿಮೂತ್ರವಿದ್ದವರೇ ಇದಕ್ಕೆ ಮುಖ್ಯವಾಗಿ ಬಲಿ. ಶ್ವಾಸಕೋಶದಲ್ಲಿ ನ್ಯೂಮೋನಿಯ ಮತ್ತು ಕುರು ಇದರ ಸಾಮಾನ್ಯ ರೂಪ. ಯಕೃತ್ತು, ಗುಲ್ಮ, ಕೀಲುಗಳಲ್ಲಿಯೂ ಕೀವು ಕಟ್ಟಬಹುದು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಹಲವು ವರ್ಷಗಳಿಂದ ಇದನ್ನು ಪತ್ತೆಮಾಡಿ ವರದಿ ಮಾಡುತ್ತ ಬಂದಿದ್ದಾರೆ. ಅಲ್ಲಿಯ ರೋಗಿಗಳಲ್ಲಿಯೂ ಮಳೆಗಾಲ ಮತ್ತು ಸಿಹಿಮೂತ್ರಗಳ ಜೋಡಿ ಎದ್ದುಕಾಣುತ್ತದೆ.

ಆಗುಂಬೆ ಹುಲಿಕಲ್ಲುಗಳ ಮಳೆಯಲ್ಲಿ ಗದ್ದೆ ತೋಟಗಳ ಕೆಸರು ತುಳಿಯುವ ಸಿಹಿಮೂತ್ರ ರೋಗಿಗೆ ಈ ಶಂಕೆ ಏಕೆ ಮುಖ್ಯ? ಏಕೆಂದರೆ ಈ ರೋಗಾಣುವಿಗೆ ಪೆನಿಸಿಲಿನ್ ಮುಂತಾದ ವಾಡಿಕೆಯ ಔಷಧಗಳು ಹತ್ತುವುದಿಲ್ಲ. ಕ್ಷಯದ ಮದ್ದೂ ನಾಟುವುದಿಲ್ಲ. ಪ್ರಯೋಗಾಲಯದಲ್ಲಿಯೂ ಇದನ್ನು ಬೇರೆ ರೋಗಾಣುವೆಂದು ಬಗೆಯುವ ಸಂಭವವುಂಟು. ಸರಿಯಾಗಿ ಗುರುತಿಸಿದರೆ ಮದ್ದಿದೆ: ಸೆಫ್ಟಜಿಡಿಮ್ ಅಥವಾ ಮೆರೊಪೆನೆಮ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕನಿಷ್ಠ ಎರಡು ವಾರ, ಕೆಲವರಿಗೆ ನಾಲ್ಕು ವಾರಗಳವರೆಗೂ ಕೊಡುತ್ತಾರೆ, ಅನಂತರ ಕೋ-ಟ್ರೈಮಾಕ್ಸಜೋಲ್ ಗುಳಿಗೆಗಳನ್ನು ಕನಿಷ್ಠ ಮೂರು ತಿಂಗಳು. ಈ ಎರಡನೆಯ ಭಾಗವನ್ನು ಕೈಬಿಟ್ಟವರಲ್ಲಿ ರೋಗ ಮರುಕಳಿಸುತ್ತದೆ. ಆದುದರಿಂದ, ‘ಸಕ್ಕರೆ ಕಾಯಿಲೆಯುಂಟು, ಮಳೆಯಲ್ಲಿ ತೋಟದ ಕೆಲಸ ಮಾಡಿದ್ದೇನೆ’ ಎಂಬ ಎರಡು ಮಾತುಗಳನ್ನು ಡಾಕ್ಟರು ಕೇಳದಿದ್ದರೂ ರೋಗಿಯೇ ಹೇಳತಕ್ಕದ್ದು.

ಚಿಕಿತ್ಸೆ

ಪ್ರತಿಜೀವಕಗಳು ಬರುವ ಮೊದಲು ಶ್ವಾಸಕೋಶದ ಕುರುವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಯುತ್ತಿದ್ದರು, ಒಬ್ಬರು ಗುಣಹೊಂದುತ್ತಿದ್ದರು, ಉಳಿದ ಒಬ್ಬರು ಜೀವಮಾನವಿಡೀ ನರಳುತ್ತಿದ್ದರು. ಜಗತ್ತಿನ ವೈದ್ಯರಿಗೆಲ್ಲ ಗ್ರಂಥ ಬರೆದು ಪಾಠ ಹೇಳಿದ ಸರ್ ವಿಲಿಯಂ ಆಸ್ಲರ್ ಅವರೇ ೧೯೧೯ರ ಡಿಸೆಂಬರ್ ೨೯ರಂದು, ನ್ಯೂಮೋನಿಯದಿಂದ ಎದೆಯಲ್ಲಿ ಕೀವು ತುಂಬಿ ಆಕ್ಸ್‌ಫರ್ಡಿನಲ್ಲಿ ಕಣ್ಣುಮುಚ್ಚಿದರು. ೧೯೨೮ರಲ್ಲಿ ಫ್ಲೆಮಿಂಗ್ ಕಂಡ ಪೆನಿಸಿಲಿನ್ ೧೯೪೦ರ ದಶಕದಲ್ಲಿ ರೋಗಿಗಳ ಕೈಸೇರಿದ ಮೇಲೆ ಈ ಚಿತ್ರ ಬದಲಾಯಿತು. ಇಂದು ಸಕಾಲದಲ್ಲಿ ಬಂದ ಬಹುಮಂದಿ ಕತ್ತಿ ಸೋಂಕದೆ ಔಷಧದಿಂದಲೇ ಗುಣಹೊಂದುತ್ತಾರೆ.

ಆದರೆ ಔಷಧದ ಅವಧಿ ಮೂರು ದಿನವೂ ಅಲ್ಲ, ಐದು ದಿನವೂ ಅಲ್ಲ. ಮೊದಲು ರಕ್ತನಾಳದ ಮೂಲಕ, ಅನಂತರ ಗುಳಿಗೆಯಾಗಿ, ಸಾಮಾನ್ಯವಾಗಿ ಮೂರರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಜ್ವರ ಇಳಿಯುವುದು ಏಳರಿಂದ ಹತ್ತು ದಿನಗಳಲ್ಲಿ. ಎದೆಯ ಗೂಡು ಮುಚ್ಚುವುದಕ್ಕೆ ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯಬಹುದು. ಜ್ವರ ಇಳಿದ ದಿನ ಮತ್ತು ಗೂಡು ಮುಚ್ಚಿದ ದಿನ, ಇವೆರಡರ ನಡುವಿನ ಕಾಲವೇ ಈ ರೋಗದ ನಿಜವಾದ ಪರೀಕ್ಷೆ. ರೋಗಿಗೆ ಹಸಿವೆ ಮರಳಿದೆ, ತೋಟಕ್ಕೆ ಹೋಗಿ ಬರುತ್ತಾನೆ, ಗುಳಿಗೆಯ ಖರ್ಚು ವ್ಯರ್ಥವೆಂದು ತೋರುತ್ತದೆ. ಅಡಿಕೆ ಬೆಳೆಯುವವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಒಂದು ಸಲ ಹೊಡೆದು ಕೈತೊಳೆದುಕೊಳ್ಳುತ್ತಾರೆಯೇ? ಮಳೆ ಮುಗಿಯುವ ತನಕ ಅವರ ಕಣ್ಣು ಗೊನೆಯ ಮೇಲಿರುತ್ತದೆ. ತಮ್ಮ ಎದೆಯ ವಿಷಯದಲ್ಲಿಯೂ ಅದೇ ಎಚ್ಚರ ಸಲ್ಲುತ್ತದೆ. ಮದ್ದನ್ನು ನಿಲ್ಲಿಸುವ ದಿನವನ್ನು ಗೊತ್ತುಮಾಡಬೇಕಾದ್ದು ಜ್ವರದ ಕಡ್ಡಿಯಲ್ಲ, ಮತ್ತೆ ತೆಗೆದ ಎದೆಯ ಚಿತ್ರ ಮತ್ತು ಡಾಕ್ಟರ ಮಾತು.

ಔಷಧದಷ್ಟೇ ಮುಖ್ಯವಾದುದು ಕೀವಿಗೆ ದಾರಿ. ಬಸಿಗಾಲುವೆ ಹೂಳು ತುಂಬಿದ ತೋಟದಲ್ಲಿ ಎಷ್ಟು ಗೊಬ್ಬರ ಹಾಕಿದರೇನು, ಬೇರು ಕೊಳೆಯುತ್ತದೆ. ಶ್ವಾಸಕೋಶಕ್ಕೆ ತನ್ನದೇ ಆದ ಬಸಿಗಾಲುವೆಯೆಂದರೆ ಶ್ವಾಸನಾಳ; ನೀರನ್ನು ತಳ್ಳುವ ಶಕ್ತಿಯೆಂದರೆ ಕೆಮ್ಮು. ಆದುದರಿಂದ ಇಂಥ ರೋಗಿಗೆ ಕೆಮ್ಮನ್ನು ಅಡಗಿಸುವ ಸಿರಪ್ಪುಗಳನ್ನು ಕುಡಿಸಕೂಡದು. ಕುರುವಿರುವ ಭಾಗ ಮೇಲಾಗುವಂತೆ ಮಲಗಿಸಿ, ಕೀವು ಇಳಿದು ಬರುವಂತೆ ಮಾಡುವ ಕ್ರಮವೊಂದುಂಟು. ಅದನ್ನು ಡಾಕ್ಟರು ಹೇಳಿದ ರೀತಿಯಲ್ಲಿ ಮಾತ್ರ ಮಾಡತಕ್ಕದ್ದು. ದೊಡ್ಡ ಕುರು ಒಮ್ಮೆಗೇ ಒಡೆದರೆ ಕೀವು ಒಳ್ಳೆಯ ಶ್ವಾಸಕೋಶಕ್ಕೆ ನುಗ್ಗಿ ಉಸಿರು ಕಟ್ಟಿಸಬಹುದು. ಕಷಾಯದ ವಿಷಯ ಕೇಳುವವರುಂಟು. ಬಿಸಿಯಾದ ಕಷಾಯ ಗಂಟಲಿಗೆ ಹಿತ, ಕುಡಿಯಬಹುದು. ಆದರೆ ಗೋಡೆ ಕಟ್ಟಿಕೊಂಡು ಕುಳಿತ ಕೀವನ್ನು ಅದು ತೆಗೆಯಲಾರದು.

ನೂರರಲ್ಲಿ ಸುಮಾರು ಹತ್ತು ಮಂದಿಗೆ ಔಷಧ ಮಾತ್ರ ಸಾಲುವುದಿಲ್ಲ. ಹತ್ತು ಹದಿನಾಲ್ಕು ದಿನಗಳಾದರೂ ಜ್ವರ ಇಳಿಯದಿದ್ದರೆ, ಕುರು ಆರು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಹಿಂದೆ ಅಡಚಣೆಯಿದ್ದರೆ, ಮುಂದಿನ ಹೆಜ್ಜೆಯನ್ನು ಯೋಚಿಸುತ್ತಾರೆ. ದುರ್ಬೀನು ಇಳಿಸಿ ಅಡ್ಡವಾದ ವಸ್ತುವನ್ನು ತೆಗೆಯುವುದು, ಸ್ಕ್ಯಾನಿನ ನೆರವಿನಿಂದ ಎದೆಯ ಹೊರಗಿನಿಂದ ಸಣ್ಣ ನಳಿಕೆಯಿಟ್ಟು ಕೀವು ಬಸಿಯುವುದು, ಕಟ್ಟಕಡೆಗೆ ಕೆಟ್ಟ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆದುಹಾಕುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ.

ತೊಡಕುಗಳು

ಕುರುವು ಹೊರಗಿನ ಹೊದಿಕೆಗೆ ಒಡೆದುಕೊಂಡರೆ ಎದೆಗೂಡಿನಲ್ಲಿ ಕೀವು ತುಂಬುತ್ತದೆ. ಉಸಿರಾಟ ಕಷ್ಟವಾಗಿ, ಜ್ವರ ಮತ್ತೆ ಏರುತ್ತದೆ. ಇದಕ್ಕೆ ಪಕ್ಕೆಲುಬುಗಳ ನಡುವೆ ನಳಿಕೆಯಿಟ್ಟು, ಅದರ ತುದಿಯನ್ನು ಸೀಸೆಯ ನೀರಿನೊಳಗೆ ಮುಳುಗಿಸಿ ಬಸಿಯಬೇಕು. ಶ್ವಾಸನಾಳಕ್ಕೂ ಹೊದಿಕೆಗೂ ನಡುವೆ ರಂಧ್ರವುಳಿದರೆ ಗಾಳಿ ಸೋರುತ್ತಲೇ ಇದ್ದು, ಚಿಕಿತ್ಸೆ ದೀರ್ಘವಾಗುತ್ತದೆ.

ಎರಡನೆಯದು ನೆತ್ತರು. ಎಳೆ ಎಳೆಯಾಗಿ ಬಂದರೆ ಗಾಬರಿ ಬೇಡ, ಆದರೆ ಅಂದೇ ಡಾಕ್ಟರಿಗೆ ತಿಳಿಸಬೇಕು. ಲೋಟಗಟ್ಟಲೆ ಬಂದರೆ ಅದು ತುರ್ತು. ಆಗ ರೋಗಿಯನ್ನು ಕುರುವಿರುವ ಮಗ್ಗುಲು ಕೆಳಗಾಗುವಂತೆ ಮಲಗಿಸಿ, ಒಡನೆಯೇ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು. ನೆತ್ತರು ಒಳ್ಳೆಯ ಶ್ವಾಸಕೋಶಕ್ಕೆ ಹರಿಯದಂತೆ ಕಾಪಾಡುವುದೇ ಇದರ ಉದ್ದೇಶ. ಕೀವು ಬಸಿಯಲು ಕುರುವಿರುವ ಮಗ್ಗುಲು ಮೇಲೆ, ನೆತ್ತರು ಹೋಗುವಾಗ ಕೆಳಗೆ. ಈ ಭೇದವನ್ನು ಮನೆಯವರು ನೆನಪಿಡಬೇಕು.

ಮೂರನೆಯದು, ರೋಗಾಣುಗಳು ರಕ್ತದೊಡನೆ ಮಿದುಳಿಗೆ ಹೋಗಿ ಅಲ್ಲಿಯೂ ಕುರುವೆಬ್ಬಿಸುವುದು. ಕೆಮ್ಮಿನ ರೋಗಿಗೆ ತಡೆಯಲಾರದ ತಲೆನೋವು, ವಾಂತಿ, ಸೆಳವು, ಒಂದು ಪಾರ್ಶ್ವದ ಬಲಹೀನತೆ ಕಂಡರೆ ಕ್ಷಣವೂ ತಡಮಾಡಕೂಡದು. ಅರ್ಧ ಗುಣವಾದ ಕುರು ಹಳತಾಗಿ ಉಳಿದರೆ ಸುತ್ತಲಿನ ನಾಳಗಳು ಜೋತುಬಿದ್ದು ವರ್ಷಗಟ್ಟಲೆ ಕಫ ಕಾಡುತ್ತದೆ. ಖಾಲಿ ಗೂಡಿನಲ್ಲಿ ಬೂಷ್ಟು ಬೆಳೆದು ಉಂಡೆಯಾಗಿ, ಮತ್ತೆ ನೆತ್ತರಿಗೆ ಕಾರಣವಾಗುವುದೂ ಉಂಟು.

ಮನೆಯವರ ಪಾಲಿನ ಕೆಲಸ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರವನ್ನು ಹಾದು ಸಾಗರದ ಸೀಮೆಗೆ ಇಳಿಯುತ್ತಾಳೆ. ಈ ಮೂರು ತಾಲ್ಲೂಕುಗಳ ರೋಗಿಗಳಾದರೋ ದೊಡ್ಡ ಚಿಕಿತ್ಸೆಗೆಂದು ಒಂದೋ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯ ಕಡೆಗೆ, ಇಲ್ಲವೇ ಘಟ್ಟ ಇಳಿದು ಮಣಿಪಾಲದ ಕಡೆಗೆ ಹೊರಡುತ್ತಾರೆ. ತಾಲ್ಲೂಕು ಪಟ್ಟಣಗಳಿಂದ ಶಿವಮೊಗ್ಗೆ ೬೦ರಿಂದ ೭೫ ಕಿಲೋಮೀಟರು. ಒಳಹಳ್ಳಿಗಳಿಂದ ಇನ್ನೂ ದೂರ. ಮಳೆಗಾಲದಲ್ಲಿ ಆ ದೂರ ಇಮ್ಮಡಿಯಾಗುತ್ತದೆ. ಆದುದರಿಂದ ಮೊದಲ ಹೆಜ್ಜೆಯನ್ನು ಊರಿನ ಸಮೀಪದಲ್ಲಿಯೇ, ಕಾಲ ಮೀರುವ ಮುನ್ನ ಇಡಬೇಕು. ತಾಲ್ಲೂಕಿನ ಆಸ್ಪತ್ರೆಯಲ್ಲಿ ತೆಗೆಸಿದ ಒಂದು ಎದೆಯ ಚಿತ್ರ, ಒಂದು ಕಫದ ಪರೀಕ್ಷೆ, ಒಂದು ಸಕ್ಕರೆಯ ಅಳತೆ, ಇವು ಮುಂದಿನ ದಾರಿಯನ್ನು ತೋರಿಸುತ್ತವೆ. ಹಳೆಯ ಚಿತ್ರಗಳನ್ನೂ ಔಷಧದ ಚೀಟಿಗಳನ್ನೂ ಒಂದು ಚೀಲದಲ್ಲಿ ಜೋಪಾನವಾಗಿಡಿ. ಹೊಸ ಡಾಕ್ಟರಿಗೆ ಅವು ನೂರು ಮಾತಿಗಿಂತ ಹೆಚ್ಚಿನದನ್ನು ಹೇಳುತ್ತವೆ.

ಪಾರ್ಶ್ವವಾಯುವಾದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಮಲಗಿಸಿ ಉಣಿಸಕೂಡದು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಸಣ್ಣ ಸಣ್ಣ ತುತ್ತಾಗಿ, ಒಂದನ್ನು ನುಂಗಿದ ಮೇಲೆ ಇನ್ನೊಂದನ್ನು ಕೊಡಬೇಕು. ಊಟವಾದ ಮೇಲೆಯೂ ಅರ್ಧ ಗಂಟೆ ಕೂತೇ ಇರಲಿ. ದಿನಕ್ಕೆರಡು ಬಾರಿ ಅವರ ಬಾಯಿ ಹಲ್ಲುಗಳನ್ನು ಶುಚಿಮಾಡಿ. ಹಲ್ಲಿಲ್ಲದವರ ಬಾಯಿಯನ್ನೂ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಕಟ್ಟಿಸಿಕೊಂಡ ಹಲ್ಲುಗಳನ್ನು ರಾತ್ರಿ ತೆಗೆದಿಡಿ. ಮಲಗುವ ಮುನ್ನ ಕವಳವನ್ನು ಉಗಿದು ಬಾಯಿ ಮುಕ್ಕಳಿಸುವುದನ್ನು ಮನೆಯ ನಿಯಮವಾಗಿಸಿ. ಸಿಹಿಮೂತ್ರವಿದ್ದವರು ಮಳೆಗ
ಾಲದಲ್ಲಿ ಗದ್ದೆ ತೋಟಗಳಿಗೆ ಇಳಿಯುವಾಗ ಬೂಟು ಹಾಕಿಕೊಳ್ಳಲಿ. ಕಾಲಿನ ಗಾಯವನ್ನು ತೊಳೆದು ಮುಚ್ಚಿಕೊಳ್ಳಲಿ.

ಇಷ್ಟಾದ ಮೇಲೂ ಕುರುವಾದರೆ ಅಧೈರ್ಯಕ್ಕೆ ಕಾರಣವಿಲ್ಲ. ಆಸ್ಲರ್ ಅವರ ಕಾಲದಲ್ಲಿ ಇಲ್ಲದಿದ್ದ ಮದ್ದು ಇಂದು ತಾಲ್ಲೂಕಿನ ಆಸ್ಪತ್ರೆಯ ಕಪಾಟಿನಲ್ಲಿದೆ. ಅದು ಫಲಿಸುವುದಕ್ಕೆ ರೋಗಿಯಿಂದ ಎರಡೇ ಎರಡು ನೆರವು ಬೇಕು: ನಾತದ ಕಫವನ್ನು ಮುಚ್ಚಿಡದೆ ಮೊದಲ ವಾರದಲ್ಲಿಯೇ ಹೇಳುವುದು, ಜ್ವರ ಇಳಿದ ಮೇಲೆಯೂ ಗುಳಿಗೆಯನ್ನು ಬಿಡದೆ ಕೊನೆಯ ಚಿತ್ರದ ತನಕ ಸೇವಿಸುವುದು.